ಚಿಕ್ಕಮಗಳೂರು ಪೇಟೆ ಒಳಗೇ ಹೋಟೆಲ್ ಬೇಕು ಅಂದ್ರೆ ಹೆಂಗೆ ಆರಿಸ್ಕೊಳ್ಳೋದು?

ಪ್ರಶ್ನೆ: ನಮಸ್ತೆ ಸರ್, ನಾವು ದಾವಣಗೆರೆಯವರು. ಅಪ್ಪ ಅಮ್ಮ, ನಾವಿಬ್ರು, ಎರಡು ಮಕ್ಕಳು, ಒಟ್ಟು ಆರು ಜನ. ನಮ್ಮ ಕಾರಲ್ಲೇ ಬಂದು ಎರಡು ರಾತ್ರಿ ಚಿಕ್ಕಮಗಳೂರಲ್ಲಿ ಇರೋ ಪ್ಲಾನ್, ಸೆಪ್ಟೆಂಬರ್ ಇಲ್ಲಾ ಡಿಸೆಂಬರ್. ಗಿರಿ, ಬೇಲೂರು, ಹಳೇಬೀಡು ನೋಡ್ಬೇಕು. ಅಮ್ಮಂಗೆ ಮಂಡಿ ನೋವು. ಎಲ್ರೂ ಹೋಮ್‌ಸ್ಟೇ ತಗೊಳ್ಳಿ ಅಂತಾರೆ, ನಮಗೆ ಪೇಟೆ ಒಳಗೇ ಹೋಟೆಲ್ ಇದ್ರೆ ಒಳ್ಳೇದು ಅನ್ಸುತ್ತೆ. ಆ್ಯಪಲ್ಲಿ ನೋಡಿದ್ರೆ ಎಲ್ಲಾ ಹೋಟೆಲ್ಲೂ ಒಂದೇ ಥರ ಕಾಣ್ಸುತ್ತೆ, ಯಾವ್ದನ್ನ ನಂಬೋದು ಗೊತ್ತಾಗ್ತಿಲ್ಲ. ಇಲ್ಲಾ ಹಾಸನದಲ್ಲೇ ಉಳ್ಕೊಂಡ್ರೆ ಸರಿನಾ?

ಉತ್ತರ: ನಿಮಗೆ ಅನ್ಸಿದ್ದೇ ಸರಿ, ಪೇಟೆ ಒಳಗೇ ತಗೊಳ್ಳಿ. ಹೋಮ್‌ಸ್ಟೇ ಚೆನ್ನಾಗಿರಲ್ಲ ಅಂತಲ್ಲ, ಆದ್ರೆ ತೋಟದ ಮನೆಗೆ ಹೋದ್ರೆ ಅಲ್ಲೇ ಸುಮ್ನೆ ಇರೋಕೆ ಅಂತ ಹೋಗ್ಬೇಕು. ನಿಮ್ಮ ಪಟ್ಟಿ ನೋಡಿದ್ರೆ ಎರಡು ದಿನಾನೂ ಓಡಾಟ. ಎಷ್ಟೋ ಹೋಮ್‌ಸ್ಟೇಗಳಿಗೆ ಮೇನ್ ರೋಡ್ ಬಿಟ್ಮೇಲೆ ತೋಟದೊಳಗಿನ ಕಚ್ಚಾ ರಸ್ತೆ, ಮಳೆ ಬಿದ್ರೆ ನಿಮ್ಮ ಕಾರು ಹೋಗಲ್ಲ, ಅವರ ಜೀಪು ಬಂದು ಕರ್ಕೊಂಡು ಹೋಗ್ಬೇಕು, ಆ ಜೀಪು ಹತ್ತಿ ಇಳಿಯೋದೇ ನಿಮ್ಮ ಅಮ್ಮಂಗೆ ಕಷ್ಟ ಆಗುತ್ತೆ. ಫೋನ್ ನೆಟ್‌ವರ್ಕ್ ಕೂಡ ಎಲ್ಲಾ ಕಡೆ ಸಿಗಲ್ಲ. ವಯಸ್ಸಾದವರು ಜೊತೇಲಿದ್ದಾಗ ರಾತ್ರಿ ಹತ್ತು ಗಂಟೆಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಒಂದು ಯೋಚನೆ ಇದ್ದೇ ಇರುತ್ತಲ್ಲ, ಪೇಟೇಲಿದ್ರೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಪ್ರೈವೇಟ್ ಆಸ್ಪತ್ರೆ, ಮೆಡಿಕಲ್ ಶಾಪು ಎಲ್ಲಾ ಹತ್ರದಲ್ಲೇ ಇರುತ್ತೆ.

ಪೇಟೆ ಅಂತ ನಾನು ಹೇಳೋಕೆ ಇನ್ನೊಂದು ದೊಡ್ಡ ಕಾರಣ ಇದೆ. ಚಿಕ್ಕಮಗಳೂರಲ್ಲಿ ನೋಡೋ ಜಾಗ ಯಾವ್ದೂ ಒಂದೇ ದಿಕ್ಕಲ್ಲಿಲ್ಲ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾ ಬುಡನ್‌ಗಿರಿ, ಮಾಣಿಕ್ಯಧಾರಾಕ್ಕೆ ಕೈಮರ ಚೆಕ್‌ಪೋಸ್ಟ್ ದಾಟಿ ಹೋಗ್ಬೇಕು, ಬೇಲೂರು ಹಳೇಬೀಡು ಅದಕ್ಕೆ ಪೂರ್ತಿ ಉಲ್ಟಾ ಕಡೆ, ಮೂಡಿಗೆರೆ ದಾರಿ ಬೇರೆ, ನೀವು ಬರೋ ಕಡೂರು ರೋಡು ಇನ್ನೊಂದು ಕಡೆ. ಈ ರಸ್ತೆಗಳೆಲ್ಲ ಬಂದು ಸೇರೋದು ಊರಿಗೆ. ಗಿರಿ ಕಡೆ ರೂಮ್ ಮಾಡಿದ್ರೆ ಬೇಲೂರಿಗೆ ಹೋಗೋ ದಿನ ಊರು ದಾಟ್ಕೊಂಡು ಹೋಗಿ ಮತ್ತೆ ದಾಟ್ಕೊಂಡು ವಾಪಸ್ ಬರ್ಬೇಕು, ಅದೂ ಕತ್ತಲಲ್ಲಿ ತಿರುವಿರೋ ರಸ್ತೇಲಿ. ಊರಲ್ಲಿದ್ರೆ ದಿನಕ್ಕೊಂದು ದಿಕ್ಕು, ಸಂಜೆ ಆರೂವರೆ ಏಳಕ್ಕೆ ರೂಮಲ್ಲಿರ್ತೀರಿ.

ಈಗ ಹೋಟೆಲ್ ವಿಷ್ಯ. ನಾನು ಇಲ್ಲಿ ಹೋಟೆಲ್ ಫ್ರಂಟ್ ಆಫೀಸಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಫ್ಯಾಮಿಲಿಗಳಿಗೆ ಟೂರ್ ಪ್ಲಾನ್ ಮಾಡ್ಕೊಡೋನು, ಜನ ಬಂದು ಕಂಪ್ಲೇಂಟ್ ಮಾಡೋದು ಯಾವಾಗ್ಲೂ ಅದೇ ನಾಲ್ಕೈದು ವಿಷ್ಯಕ್ಕೆ, ಅದ್ರಲ್ಲಿ ಒಂದೂ ಆ್ಯಪಿನ ಫೋಟೋದಲ್ಲಿ ಕಾಣಲ್ಲ. ಸ್ಟಾರ್ ರೇಟಿಂಗು, ಮಂಚದ ಮೇಲೆ ಹಂಸದ ಥರ ಮಡಿಚಿಟ್ಟ ಟವೆಲ್ಲು, ಇದೆಲ್ಲ ಬಿಟ್ಬಿಡಿ. ಊರೊಳಗಿನ ರೂಮಿಂದ ನಮಗೆ ಬೇಕಾಗೋದು ರಾತ್ರಿ ನಿದ್ದೆ, ಬೆಳಗ್ಗೆ ಬಿಸಿನೀರು, ಟೈಮಿಗೆ ಸರಿಯಾಗಿ ಗಾಡಿ ಆಚೆ ತೆಗೆಯೋಕಾಗೋದು. ಇಷ್ಟನ್ನ ಫೋನ್ ಮಾಡಿ ಗಟ್ಟಿ ಮಾಡ್ಕೊಳ್ಳಿ, ಮಿಕ್ಕಿದ್ದು ಅಡ್ಜಸ್ಟ್ ಆಗುತ್ತೆ.

ಮೊದಲು ಬಿಸಿನೀರು. ಫೋನಲ್ಲಿ ಬಿಸಿನೀರು ಇದ್ಯಾ ಅಂತ ಕೇಳ್ಬೇಡಿ, ಎಲ್ರೂ ಇದೆ ಸರ್ ಅಂತಾನೇ ಹೇಳೋದು. ಸೋಲಾರಾ ಗೀಸರಾ, ಗೀಸರ್ ಆದ್ರೆ ಪ್ರತಿ ಬಾತ್‌ರೂಮಿಗೂ ಬೇರೆ ಇದ್ಯಾ, ಎಷ್ಟೊತ್ತಿಂದ ಎಷ್ಟೊತ್ತಿನ ತನಕ ಅಂತ ಕೇಳಿ. ಸೋಲಾರ್ ಅಂದ್ರೆ ಜೂನಿಂದ ಸೆಪ್ಟೆಂಬರ್ ತನಕ ನಂಬೋ ಹಾಗಿಲ್ಲ, ಮೋಡ ಮುಚ್ಕೊಂಡು ಮೂರು ದಿನ ಬಿಸಿಲೇ ಬರ್ಲಿಲ್ಲ ಅಂದ್ರೆ ಟ್ಯಾಂಕಲ್ಲಿ ಉಗುರು ಬೆಚ್ಚಗಿನ ನೀರೂ ಇರಲ್ಲ, ಆಮೇಲೆ ರೂಮ್ ಬಾಯ್ ಬಕೆಟಲ್ಲಿ ತಂದುಕೊಡ್ತಾನೆ. ಕೆಲವು ಕಡೆ ಬೆಳಗ್ಗೆ ಆರರಿಂದ ಒಂಬತ್ತು ಮಾತ್ರ ಅಂತ ಟೈಮ್ ಇಟ್ಟಿರ್ತಾರೆ. ನೀವು ಗಿರಿಗೆ ಐದೂವರೆಗೆ ಹೊರಡೋರಾದ್ರೆ ಆ ಬಿಸಿನೀರು ನಿಮಗೆ ಸಿಗೋದೇ ಇಲ್ಲ, ಡಿಸೆಂಬರ್ ಚಳೀಲಿ ಮಕ್ಕಳಿಗೆ ತಣ್ಣೀರು ಹಾಕೋಕಾಗುತ್ತಾ ಹೇಳಿ.

ಆಮೇಲೆ ಥಂಡಿ ವಾಸನೆ, ಅಂದ್ರೆ ಮುಗ್ಗಲು. ಬಯಲುಸೀಮೆಯಿಂದ ಬರೋರಿಗೆ ಇದು ಅಷ್ಟು ತಲೆಗೆ ಹೋಗಲ್ಲ, ಆದ್ರೆ ಮಳೆಗಾಲದಲ್ಲಿ ಇಲ್ಲಿ ಬೆಡ್‌ಶೀಟು ಒಣಗಿಸೋದೇ ಒಂದು ದೊಡ್ಡ ಕೆಲಸ. ಡ್ರೈಯರ್ ಇರೋ ಹೋಟೆಲ್ಲಾದ್ರೆ ಪರ್ವಾಗಿಲ್ಲ, ಇಲ್ದೇ ಇದ್ರೆ ಮುಟ್ಟಿದ್ರೆ ತಣ್ಣಗೆ, ಅರೆಒಣಗಿದ ಹೊದಿಕೆ ಬರುತ್ತೆ. ಕಿಟಕಿ ಇಲ್ದಿರೋ ರೂಮು, ಇಲ್ಲಾ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗ್ ಗೋಡೆ ಮೂಗಿಗೆ ತಾಗೋ ಅಂಥ ರೂಮು ಪೇಟೆ ಒಳಗೆ ಸುಮಾರಿವೆ, ಅಲ್ಲಿ ಮುಗ್ಗಲು ಹೋಗೋದೇ ಇಲ್ಲ. ನಿಮ್ಮ ಅಪ್ಪಂಗೆ ದಮ್ಮು ಗಿಮ್ಮು ಇದ್ರಂತೂ ಇದನ್ನ ಮೊದಲು ನೋಡಿ. ರೂಮಿಗೆ ಹೋದ ತಕ್ಷಣ ಲಗೇಜ್ ಇಳಿಸೋಕೆ ಮುಂಚೆ ಬೀರು ಬಾಗಿಲು ತೆಗೆದು ಮೂಸಿ, ದಿಂಬು ಎತ್ತಿ ಕೆಳಗೆ ಕೈ ಇಟ್ಟು ನೋಡಿ, ಬಾತ್‌ರೂಮ್ ಗೋಡೆಗೆ ತಾಗಿರೋ ಮೂಲೇಲಿ ಪೇಂಟ್ ಉಬ್ಬಿದ್ಯಾ ನೋಡಿ. ಅನುಮಾನ ಬಂದ್ರೆ ಬೇರೆ ರೂಮ್ ಕೇಳಿ, ಸಂಕೋಚ ಬೇಡ, ಬಂದ ಹತ್ತು ನಿಮಿಷದಲ್ಲಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ, ಬಾತ್‌ರೂಮ್ ಬಳಸಿ ಹಾಸಿಗೆ ಮೇಲೆ ಕೂತ್ಮೇಲೆ ಕೇಳಿದ್ರೆ ಅವರಿಗೂ ಕಷ್ಟ. ಎಸಿ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ಡಿಸೆಂಬರ್ ಆದ್ರೆ ಎಸಿಗೆ ದುಡ್ಡು ಕೊಡೋದು ದಂಡ, ಫ್ಯಾನ್ ಹಾಕಿದ್ರೇನೇ ಚಳಿ. ಸೆಪ್ಟೆಂಬರ್ ಆದ್ರೆ ಮಾತ್ರ ಯೋಚ್ನೆ ಮಾಡಿ, ಡ್ರೈ ಮೋಡಲ್ಲಿ ಎಸಿ ಹಾಕಿದ್ರೆ ರೂಮಿನ ತೇವ ಎಳ್ಕೊಳ್ಳುತ್ತೆ, ಒದ್ದೆ ಬಟ್ಟೆನೂ ಒಣಗುತ್ತೆ.

ಲಿಫ್ಟ್. ಆ್ಯಪಲ್ಲಿ ಲಿಫ್ಟ್ ಅಂತ ಟಿಕ್ ಹಾಕಿರ್ತಾರೆ, ಅದು ನಿಜಾನೇ ಇರುತ್ತೆ. ಆದ್ರೆ ಎಂ.ಜಿ. ರೋಡು, ಐ.ಜಿ. ರೋಡು ಕಡೆ ಎಷ್ಟೋ ಬಿಲ್ಡಿಂಗಲ್ಲಿ ಕೆಳಗಡೆ ಅಂಗಡಿ, ಮೇಲೆ ಹೋಟೆಲ್ಲು. ರೋಡಿಂದ ಲಿಫ್ಟ್ ತನಕ ಹೋಗೋಕೇ ಆರೇಳು ಮೆಟ್ಟಿಲು ಇರುತ್ತೆ, ಪಾಲಿಶ್ ಮಾಡಿರೋ ಗ್ರಾನೈಟು, ಮಳೆ ನೀರು ಬಿದ್ರೆ ನಮ್ಮಂಥವರೇ ಜಾರ್ತೀವಿ, ಹಿಡ್ಕೊಳ್ಳೋಕೆ ಕಂಬಿನೂ ಇರಲ್ಲ. ಹಂಗಾಗಿ ರೋಡಿಂದ ಲಿಫ್ಟಿಗೆ ಎಷ್ಟು ಮೆಟ್ಟಿಲು ಅಂತ ಬಿಡಿಸಿ ಕೇಳಿ. ಇನ್ನೊಂದು, ಕರೆಂಟ್ ಹೋದಾಗ ಜನರೇಟರಲ್ಲಿ ಲಿಫ್ಟ್ ಓಡುತ್ತಾ ಅಂತಾನೂ ಕೇಳಿ, ಲೈಟು ಫ್ಯಾನಿಗೆ ಮಾತ್ರ ಯುಪಿಎಸ್ ಇಟ್ಟಿರೋ ಕಡೆ ಲಿಫ್ಟ್ ನಿಂತೋಗುತ್ತೆ, ಮಳೆಗಾಲದ ಮಲೆನಾಡಲ್ಲಿ ಕರೆಂಟ್ ಹೋಗೋದು ಹೊಸದೇನಲ್ಲ. ಅಮ್ಮಂಗೆ ಆದಷ್ಟು ಕೆಳಗಿನ ಫ್ಲೋರೇ ಕೇಳಿ. ಬಾತ್‌ರೂಮಲ್ಲಿ ವೆಸ್ಟರ್ನ್ ಕಮೋಡು, ಹೊಸ್ತಿಲು ಎತ್ತರ ಇಲ್ದಿರೋದು, ಕೂತು ಸ್ನಾನ ಮಾಡೋಕೆ ಒಂದು ಪ್ಲಾಸ್ಟಿಕ್ ಸ್ಟೂಲು, ಇಷ್ಟನ್ನ ಬುಕಿಂಗ್ ಮಾಡೋವಾಗ್ಲೇ ಹೇಳಿಟ್ರೆ ರೆಡಿ ಮಾಡಿರ್ತಾರೆ.

ನಿದ್ದೆ ವಿಷ್ಯಕ್ಕೆ ಬಂದ್ರೆ, ಪೇಟೆ ಒಳಗೆ ಅಂತ ತಗೊಳ್ಳೋವಾಗ ಪೇಟೇಲಿ ಯಾವ ಮೂಲೆ ಅನ್ನೋದು ನೋಡ್ಬೇಕು. ಬಸ್ ಸ್ಟ್ಯಾಂಡ್, ಹನುಮಂತಪ್ಪ ಸರ್ಕಲ್ ಸುತ್ತಮುತ್ತ ಎಲ್ಲಾ ಕೈಗೆ ಸಿಗುತ್ತೆ, ಆದ್ರೆ ರೋಡಿಗೆ ಮುಖ ಇರೋ ರೂಮಾದ್ರೆ ಬೆಳಗಿನ ಜಾವದ ಬಸ್ಸುಗಳ ಹಾರನ್ನಿಗೇ ಎಚ್ಚರ ಆಗೋದು. ಆಜಾದ್ ಪಾರ್ಕ್ ಹತ್ರ ಸಭೆ, ಪ್ರತಿಭಟನೆ, ಹಬ್ಬದ ಟೈಮಲ್ಲಿ ಮೈಕು ಇರುತ್ತೆ, ಸೆಪ್ಟೆಂಬರ್ ಅಂತೀರಲ್ಲ, ಗಣಪತಿ ಯಾವಾಗ ಬಂದಿದೆ ಅಂತ ಕ್ಯಾಲೆಂಡರ್ ನೋಡ್ಕೊಳ್ಳಿ. ಇದಕ್ಕೆ ಹೆದರಿ ಊರಾಚೆ ಹೋಗೋದೇನೂ ಬೇಡ, ಹಿಂದುಗಡೆ ರೂಮ್ ಕೊಡಿ, ರೋಡ್ ಸೈಡ್ ಬೇಡ ಅಂತ ಒಂದು ಮಾತು ಹೇಳಿದ್ರೆ ಅರ್ಧ ಸಮಸ್ಯೆ ಮುಗೀತು. ಇನ್ನರ್ಧ ಏನಪ್ಪಾ ಅಂದ್ರೆ ಅದೇ ಬಿಲ್ಡಿಂಗಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಇದ್ಯಾ, ಪಾರ್ಟಿ ಹಾಲ್ ಇದ್ಯಾ ಅನ್ನೋದು. ಇದ್ರೆ ತಪ್ಪೇನಲ್ಲ, ಆದ್ರೆ ಶನಿವಾರ ರಾತ್ರಿ ಮೆಟ್ಟಿಲ ಹತ್ರ ಗಲಾಟೆ, ಕಾರಿಡಾರಲ್ಲಿ ಓಡಾಟ, ಅಜ್ಜ ಅಜ್ಜಿ ಮಕ್ಕಳನ್ನ ಕರ್ಕೊಂಡು ಬರೋರಿಗೆ ಸರಿಹೋಗಲ್ಲ. ಕೆಳಗಡೆ ವೆಜ್ ಹೋಟೆಲ್ ಇರೋ ಲಾಡ್ಜು ಸಿಕ್ಕಿದ್ರೆ ನಿಮ್ಮಂಥ ಫ್ಯಾಮಿಲಿಗೆ ಅದೇ ಬೆಸ್ಟ್, ರಾತ್ರಿ ಬೇಗ ಬಾಗಿಲು ಹಾಕ್ತಾರೆ, ಬೆಳಗ್ಗೆ ಬೇಗ ತಿಂಡಿ ಸಿಗುತ್ತೆ.

ಇನ್ನು ಕಾರು. ಹಳೇ ಪೇಟೇಲಿ ಪಾರ್ಕಿಂಗ್ ಇದೆ ಅಂದ್ರೆ ಬಿಲ್ಡಿಂಗ್ ಕೆಳಗೆ ಸೆಲ್ಲಾರು, ಇಳಿಜಾರು ಕಡಿದಾಗಿರುತ್ತೆ, ನಿಮ್ಮ ಗಾಡಿ ಹಿಂದೆ ಇನ್ನೊಬ್ರದ್ದು, ಅದರ ಹಿಂದೆ ಇನ್ನೊಬ್ರದ್ದು. ಬೆಳಗ್ಗೆ ಐದೂವರೆಗೆ ಹೊರಡ್ಬೇಕು ಅಂದ್ರೆ ಹಿಂದಿನೋರನ್ನ ಎಬ್ಬಿಸಿ ಕೀ ಇಸ್ಕೋಬೇಕು. ರಾತ್ರಿನೇ ಸೆಕ್ಯೂರಿಟಿಯವರಿಗೆ ಬೆಳಗ್ಗೆ ಇಷ್ಟೊತ್ತಿಗೆ ಹೋಗ್ತೀವಿ, ಗಾಡಿ ಮುಂದೆ ಬರೋ ಹಾಗೆ ನಿಲ್ಲಿಸ್ಕೊಡಿ ಅಂತ ಹೇಳಿಬಿಡಿ. ಪಾರ್ಕಿಂಗೇ ಮುಖ್ಯ ಅನ್ನೋದಾದ್ರೆ ಕಡೂರು ರೋಡು, ಬೈಪಾಸ್ ಕಡೆ ಹೊಸ ಹೋಟೆಲ್‌ಗಳಲ್ಲಿ ಜಾಗ ಧಾರಾಳ, ಲಿಫ್ಟು ಜನರೇಟರೂ ಸರಿಯಾಗಿರೋದು ಜಾಸ್ತಿ. ಆದ್ರೆ ಸಂಜೆ ಮಕ್ಕಳನ್ನ ಕರ್ಕೊಂಡು ನಡ್ಕೊಂಡು ಹೋಗೋಕೆ ಅಲ್ಲಿ ಏನೂ ಇಲ್ಲ, ಒಂದು ದೋಸೆಗೂ ಗಾಡಿ ತೆಗೀಬೇಕು. ನನ್ನ ಕೇಳಿದ್ರೆ ನಿಮಗೆ ಎಂ.ಜಿ. ರೋಡಿಂದ ಒಂದೆರಡು ಅಡ್ಡರಸ್ತೆ ಒಳಗೆ ಇರೋ ಹೋಟೆಲ್ಲು, ಓಪನ್ ಪಾರ್ಕಿಂಗ್ ಇರೋದು, ಅದು ಸರಿಹೋಗುತ್ತೆ. ಟೌನ್ ಕ್ಯಾಂಟೀನ್ ಮಸಾಲೆ ದೋಸೆ ತಿನ್ನಿ, ವಾಪಸ್ ಬರ್ತಾ ಎಂ.ಜಿ. ರೋಡಲ್ಲಿ ಪಾಂಡುರಂಗ ಕಾಫಿ ಅಂಗಡೀಲಿ ಪುಡಿ ಮಾಡಿಸ್ಕೊಳ್ಳಿ, ಚಿಕೋರಿ ಎಷ್ಟು ಬೇಕು ಹೇಳಿ ಹಾಕಿಸ್ಕೊಂಡು ಮನೆಗೆ ಒಯ್ಯಬಹುದು. ಹೊತ್ತಿದ್ರೆ ರತ್ನಗಿರಿ ಬೋರೆ ಪಾರ್ಕು ಇದೆ, ಮಕ್ಕಳು ಆಡ್ಕೊಳ್ತಾರೆ, ಅಪ್ಪ ಅಮ್ಮ ಬೆಂಚ್ ಮೇಲೆ ಕೂರಬಹುದು, ಗಿರಿ ಸಾಲೂ ಕಾಣುತ್ತೆ. ಪೇಟೇಲಿ ಉಳ್ಕೊಳ್ಳೋದ್ರ ಸುಖ ಇದೇ ನೋಡಿ, ಸಂಜೆ ಮೇಲೆ ಮತ್ತೆ ಸ್ಟೀರಿಂಗ್ ಹಿಡಿಯೋದು ಬೇಡ.

ರೇಟು. ಶುಕ್ರವಾರ ಸಂಜೆಯಿಂದ ಭಾನುವಾರ ತನಕ ಬೆಂಗಳೂರು ಪೂರ್ತಿ ಇಲ್ಲೇ ಇರುತ್ತೆ, ಅದೇ ರೂಮು ಮಂಗಳವಾರಕ್ಕೆ ತುಂಬಾ ಕಮ್ಮಿಗೆ ಸಿಗುತ್ತೆ. ಮಕ್ಕಳಿಗೆ ರಜೆ ಹೊಂದುತ್ತೆ ಅಂದ್ರೆ ವಾರದ ಮಧ್ಯನೇ ಬನ್ನಿ, ದುಡ್ಡಿಗಿಂತ ಹೆಚ್ಚಾಗಿ ಗಿರಿ ರಸ್ತೇಲಿ ಟ್ರಾಫಿಕ್ ಜಾಮ್ ಇರಲ್ಲ. ದಿನಕ್ಕೆ 7500 ರೂಪಾಯಿ ತನಕದ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪರ್ಸೆಂಟ್ ಆಗಿದೆ, ಮೊದಲು 12 ಇತ್ತು, ಬಿಲ್ಲಲ್ಲಿ ಹಳೇ ಲೆಕ್ಕ ಹಾಕಿದ್ರೆ ಕೇಳಿ. ಆ್ಯಪಲ್ಲಿ ರೇಟ್ ನೋಡ್ಕೊಂಡು ಡೈರೆಕ್ಟಾಗಿ ಹೋಟೆಲ್ಲಿಗೂ ಒಂದು ಫೋನ್ ಮಾಡಿ, ಎರಡು ರೂಮು ಎರಡು ರಾತ್ರಿ ಅಂದ್ರೆ ಸ್ವಲ್ಪ ಬಿಟ್ಟೇ ಬಿಡ್ತಾರೆ, ಆ್ಯಪಿಗೆ ಕೊಡೋ ಕಮಿಷನ್ ಅವರಿಗೆ ಉಳಿಯುತ್ತಲ್ಲ. ಎಕ್ಸ್‌ಟ್ರಾ ಬೆಡ್ ಎಷ್ಟು, ಎಷ್ಟು ವಯಸ್ಸಿನ ಮಕ್ಕಳಿಗೆ ಫ್ರೀ, ತಿಂಡಿ ಸೇರಿದ್ಯಾ ಅಂತ ಆವಾಗ್ಲೇ ವಾಟ್ಸಾಪಲ್ಲಿ ಹಾಕಿಸ್ಕೊಳ್ಳಿ. ಚೆಕ್ ಔಟ್ ಟೈಮೂ ಕೇಳ್ಬೇಕು, ಹಳೇ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇರುತ್ತೆ, ಮಧ್ಯಾಹ್ನ ಎರಡಕ್ಕೆ ಬಂದ್ರೆ ಎರಡಕ್ಕೇ ಖಾಲಿ ಮಾಡೋದು, ಹೊಸ ಹೋಟೆಲ್ಲುಗಳಲ್ಲಿ ಬೆಳಗ್ಗೆ ಹನ್ನೊಂದು ಹನ್ನೆರಡಕ್ಕೇ ಬಿಡ್ಬೇಕು.

ಫೋನ್ ಮಾಡೋವಾಗ ಒಂದು ಎಚ್ಚರಿಕೆ. ಗೂಗಲಲ್ಲಿ ಹೋಟೆಲ್ ಹೆಸರು ಹಾಕಿದಾಗ ಬರೋ ನಂಬರೆಲ್ಲ ಹೋಟೆಲಿಂದೇ ಇರಲ್ಲ, ಮೋಸಗಾರರು ನಕಲಿ ವೆಬ್‌ಸೈಟು, ನಕಲಿ ನಂಬರ್ ಹಾಕಿ ಪೂರ್ತಿ ದುಡ್ಡು ಅಡ್ವಾನ್ಸ್ ಹಾಕಿಸ್ಕೊಂಡು ನಾಪತ್ತೆ ಆಗ್ತಾರೆ. ಆ್ಯಪು, ಮ್ಯಾಪು, ಹೋಟೆಲ್ ವೆಬ್‌ಸೈಟು ಎಲ್ಲಾ ಕಡೆ ನಂಬರ್ ಒಂದೇ ಇದ್ಯಾ ತಾಳೆ ನೋಡಿ. ಯುಪಿಐ ಮಾಡೋವಾಗ ಹೋಟೆಲ್ ಹೆಸರು ಬರದೆ ಯಾರೋ ವ್ಯಕ್ತಿ ಹೆಸರು ಬಂದ್ರೆ ಅಲ್ಲೇ ನಿಲ್ಲಿಸಿ ವಿಚಾರಿಸಿ, ಒಂದು ರಾತ್ರಿ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೊಡ್ಬೇಡಿ. ದುಡ್ಡು ಹೋಯ್ತು ಅಂದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ, ಸೈಬರ್ ಹೆಲ್ಪ್‌ಲೈನು, ಮುಳ್ಳಯ್ಯನಗಿರಿ ಎತ್ತರಾನೂ 1930 ಮೀಟರ್ ಅಂತ ಹೇಳೋದರಿಂದ ನೆನಪಲ್ಲಿ ಉಳಿಯುತ್ತೆ. ರಿಸೆಪ್ಷನಲ್ಲಿ ಆಧಾರ್ ಕಾಪಿ ಕೇಳಿದ್ರೆ ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ, ಡೌನ್‌ಲೋಡ್ ಮಾಡಿ ಮೊದಲೇ ಫೋನಲ್ಲಿ ಇಟ್ಕೊಂಡಿರಿ.

ರಿವ್ಯೂ ಓದೋದಾದ್ರೆ ಒಟ್ಟು ಎಷ್ಟು ಸ್ಟಾರ್ ಅಂತ ನೋಡ್ಬೇಡಿ. ನೀವು ಬರೋ ತಿಂಗಳಲ್ಲೇ ಬಂದು ಹೋದವರು ಏನು ಬರ್ದಿದ್ದಾರೆ ನೋಡಿ, ಜನವರಿಲಿ ಐದು ಸ್ಟಾರ್ ಕೊಟ್ಟೋರಿಗೆ ಆಗಸ್ಟಿನ ಮುಗ್ಗಲು ಗೊತ್ತಿರಲ್ಲ. ಗೆಸ್ಟುಗಳು ತೆಗ್ದು ಹಾಕಿರೋ ಬಾತ್‌ರೂಮ್ ಫೋಟೋ, ಕಿಟಕಿಯಿಂದಾಚೆ ತೆಗ್ದ ಫೋಟೋ, ಈ ಎರಡು ಸಿಕ್ಕಿದ್ರೆ ರೂಮ್ ಬಗ್ಗೆ ಬೇಕಾದಷ್ಟು ಗೊತ್ತಾಗುತ್ತೆ.

ಹಾಸನ ಕೇಳಿದ್ರಿ. ಶ್ರವಣಬೆಳಗೊಳನೂ ಸೇರಿಸ್ಕೊಂಡು ಬರೀ ದೇವಸ್ಥಾನ ನೋಡೋ ಪ್ಲಾನ್ ಆಗಿದ್ರೆ, ಅಥವಾ ರೈಲಲ್ಲಿ ಬರೋರಾಗಿದ್ರೆ ನಾನೇ ಹಾಸನ ಅಂತಿದ್ದೆ, ಹಳೇಬೀಡು ಅಲ್ಲಿಂದ ಸುಮಾರು 30 ಕಿಲೋಮೀಟರ್, ಬೇಲೂರು 40, ಬೆಳಗೊಳ 50. ಆದ್ರೆ ಹಾಸನದಿಂದ ಚಿಕ್ಕಮಗಳೂರಿಗೇ 60 ಕಿಲೋಮೀಟರ್ ಇದೆ, ಅದರ ಮೇಲೆ ಗಿರಿ ಹತ್ತಿ ಇಳಿದು ಅದೇ ದಿನ ವಾಪಸ್ ಹೋಗೋದು ವಯಸ್ಸಾದವರಿಗೆ ಬೇಡ. ಇನ್ನೊಂದು, ಹಾಸನಾಂಬೆ ಬಾಗಿಲು ತೆಗೆಯೋ ದಿನಗಳಲ್ಲಿ, ಅಂದ್ರೆ ದೀಪಾವಳಿ ಹಿಂದೆಮುಂದೆ, ಹಾಸನದಲ್ಲಿ ರೂಮ್ ಸಿಗೋದು ಬಲು ಕಷ್ಟ, ವರ್ಷಕ್ಕೊಂದು ಸಲ ಮಾತ್ರ ದರ್ಶನ ಅಲ್ವಾ. ಟ್ರಿಪ್ ಅಕ್ಟೋಬರ್‌ಗೆ ಮುಂದೂಡಿದ್ರೆ ಇದು ನೆನಪಿರಲಿ.

ಎರಡು ದಿನ ಹೆಂಗೆ ಜೋಡಿಸ್ಕೊಳ್ಳೋದು ಅಂತ ಕೇಳಿಲ್ಲ, ಆದ್ರೂ ರೂಮಿಗೂ ಅದಕ್ಕೂ ಸಂಬಂಧ ಇರೋದ್ರಿಂದ ಹೇಳ್ತೀನಿ. ದಾವಣಗೆರೆಯಿಂದ ಬೀರೂರು ಕಡೂರು ಮೇಲೆ ಮಧ್ಯಾಹ್ನದ ಹೊತ್ತಿಗೆ ಬರ್ತೀರಿ, ಆವತ್ತು ಪೇಟೆ, ಹೊತ್ತಿದ್ರೆ ಹಿರೇಕೊಳಲೆ ಕೆರೆ, ಹತ್ತು ಕಿಲೋಮೀಟರ್ ಅಷ್ಟೇ. ಮಾರನೇ ದಿನ ಬೆಳಗ್ಗೆ ಗಿರಿ, ಮಧ್ಯಾಹ್ನ ವಾಪಸ್ ಬಂದು ರೂಮಲ್ಲಿ ಅಪ್ಪ ಅಮ್ಮ ಮಲಗಿ ಎದ್ದೇಳ್ಲಿ, ಪೇಟೇಲಿ ರೂಮ್ ಇದ್ರೆ ಮಾತ್ರ ಆಗೋ ಕೆಲಸ ಇದು. ಅಮ್ಮಂಗೆ ಮುಳ್ಳಯ್ಯನಗಿರಿ ಮೆಟ್ಟಿಲು ಬೇಡ, ಸೀತಾಳಯ್ಯನಗಿರಿ ದೇವಸ್ಥಾನದ ಹತ್ರ ಕೂತ್ಕೊಂಡ್ರೆ ಅಲ್ಲೂ ಅದೇ ಗಾಳಿ ಅದೇ ಮಂಜು ಸಿಗುತ್ತೆ. ಮೂರನೇ ದಿನ ತಿಂಡಿ ತಿಂದು ರೂಮ್ ಖಾಲಿ ಮಾಡ್ಕೊಂಡು ಬೇಲೂರು, ಅಲ್ಲಿಂದ 16 ಕಿಲೋಮೀಟರ್ ಹಳೇಬೀಡು, ಅಲ್ಲಿಂದ ಹತ್ರದಲ್ಲೇ ಬೆಳವಾಡಿ ವೀರನಾರಾಯಣ. ಬೇಲೂರಿಗೆ ಬೆಳಗ್ಗೆ ಬೇಗ ಹೋಗಿ, ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಡೀಬೇಕು, ಬಿಸಿಲೇರಿದ್ರೆ ಕಾಲು ಸುಡುತ್ತೆ, ಅಪ್ಪ ಅಮ್ಮಂಗೆ ಕಾಲುಚೀಲ ಇಟ್ಕೊಳ್ಳಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿರೋ ಜಾಗ, ಗೈಡ್ ಇಟ್ಕೊಂಡು ನಿಧಾನಕ್ಕೆ ನೋಡಿ. ಬೆಳವಾಡಿಗೆ ಅಷ್ಟು ಜನ ಹೋಗಲ್ಲ, ಆದ್ರೆ ಕನ್ನಡಿ ಥರ ಹೊಳೆಯೋ ಆ ಕಂಬಗಳ ಮಂಟಪದಲ್ಲಿ ಒಂದು ಅರ್ಧ ಗಂಟೆ ಕೂತೇ ಬರ್ಬೇಕು ಅನ್ಸುತ್ತೆ ನನಗೆ.

ಕೊನೆಗೆ, ಬುಕಿಂಗ್ ಯಾವ ಕ್ರಮದಲ್ಲಿ ಮಾಡ್ಬೇಕು ಅನ್ನೋದು. ತುಂಬಾ ಜನ ಮೊದಲು ರೂಮ್ ಬುಕ್ ಮಾಡಿಬಿಡ್ತಾರೆ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ ಅನ್ನೋ ಆಫರಲ್ಲಿ, ಆಮೇಲೆ ಗಿರಿಗೆ ಹೋಗೋಕಾಗ್ದೆ ಒದ್ದಾಡ್ತಾರೆ. 2025ರ ಸೆಪ್ಟೆಂಬರಿಂದ ಗಿರಿ ಕಡೆ ಹೋಗೋ ಗಾಡಿಗಳಿಗೆ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ಮಾಡಿದೆ, ಬೆಳಗ್ಗೆ ಒಂದು ಸ್ಲಾಟು, ಮಧ್ಯಾಹ್ನದ ಮೇಲೆ ಒಂದು, ಇಷ್ಟೇ ಗಾಡಿ ಅಂತ ಮಿತಿ ಇದೆ, ವೀಕೆಂಡ್ ಬೇಗ ತುಂಬಿಬಿಡುತ್ತೆ. ಡಿಸೆಂಬರಲ್ಲಿ ದತ್ತ ಜಯಂತಿ ಬರುತ್ತೆ, ಮಾರ್ಗಶಿರ ಹುಣ್ಣಿಮೆ, ಆ ಕೆಲವು ದಿನ ಪ್ರವಾಸಿಗರನ್ನ ಗಿರಿಗೆ ಬಿಡಲ್ಲ, ಊರಲ್ಲೂ ಪೊಲೀಸ್ ಬಂದೋಬಸ್ತು, ಮೆರವಣಿಗೆ ದಾರೀಲಿ ಗಾಡಿ ತಿರುಗಿಸಿ ಕಳಿಸ್ತಾರೆ. ಜೋರು ಮಳೆ ಬಂದು ಗುಡ್ಡ ಕುಸಿದ್ರೂ ಬಂದ್ ಮಾಡ್ತಾರೆ. ಹಂಗಾಗಿ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಗಿರಿ ಸ್ಲಾಟ್ ತಗೊಳ್ಳಿ, ಅದು ಕೈಗೆ ಬಂದ್ಮೇಲೆ ಹೋಟೆಲ್ಲಿಗೆ ಫೋನ್ ಮಾಡಿ, ಕ್ಯಾನ್ಸಲ್ ಮಾಡಬಹುದಾದ ಬುಕಿಂಗೇ ಕೇಳಿ, ನೂರಿನ್ನೂರು ಜಾಸ್ತಿ ಆದ್ರೂ ಪರ್ವಾಗಿಲ್ಲ. ಎರಡೂ ರೂಮು ಒಂದೇ ಫ್ಲೋರಲ್ಲಿ, ಅಕ್ಕಪಕ್ಕದಲ್ಲೇ ಬೇಕು ಅಂತ ಬರೆಸೋದು ಮರೀಬೇಡಿ.